ಕಕ್ಷೆಯಲ್ಲಿ ಪ್ಲಾಸ್ಟಿಕ್ ಹಳದಿಯಾಗುವುದೇಕೆ?

ಕರಾವಳಿಯ ಮನೆಗಳ ಅಂಗಳಕ್ಕೆ ಹೊದಿಸಿದ ಪಾರದರ್ಶಕ ಶೀಟು ಕೆಲವು ಬೇಸಿಗೆಗಳಲ್ಲೇ ಹಳದಿಯಾಗುತ್ತದೆ. ವಾತಾವರಣದ ರಕ್ಷಣೆಯಿದ್ದೂ ಈ ಪಾಡು. ಕಕ್ಷೆಯಲ್ಲಿ ಅತಿನೇರಳೆ ಕಿರಣ, ಇಲೆಕ್ಟ್ರಾನ್, ಪ್ರೋಟಾನ್‌ಗಳು ನೇರವಾಗಿ ಬಡಿಯುತ್ತವೆ. ಕೆಳಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ ಎದುರಾಗುವ ಆಮ್ಲಜನಕದ ಪರಮಾಣುಗಳು ಮೇಲ್ಮೈಯನ್ನೇ ಕೆರೆದು ತೆಗೆಯುತ್ತವೆ.

ಅಪೊಲೊ ಯಾತ್ರಿಗಳ ಹೆಲ್ಮೆಟ್ ಪಾಲಿಕಾರ್ಬೋನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕಿನದು. ಕೆಲವೇ ದಿನಗಳ ಯಾತ್ರೆಗೆ ಅದು ಸಾಕಿತ್ತು. ವರ್ಷಗಟ್ಟಲೆ ಬಾಳಬೇಕಾದ ಉಪಗ್ರಹಗಳಿಗೆ ಕ್ಯಾಪ್ಟಾನ್ (Kapton) ಎಂಬ ಪಾಲಿಇಮೈಡ್ ಪ್ಲಾಸ್ಟಿಕ್ ಬಂತು. ವಿಕಿರಣಕ್ಕೆ ಗಟ್ಟಿ, ಬಣ್ಣ ಮಾತ್ರ ಹುಟ್ಟಿನಿಂದಲೇ ಕಿತ್ತಳೆ ಬೆರೆತ ಹಳದಿ. ಒತ್ತಾಗಿ ಕೂತ ಅಣುಸರಪಳಿಗಳ ನಡುವೆ ಇಲೆಕ್ಟ್ರಾನ್ ಜಿಗಿದಾಡುವುದರಿಂದ ನೀಲಿ ಬೆಳಕು ಹೀರಿಹೋಗುತ್ತದೆ. ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಫ್ಲೋರಿನ್ ಗುಂಪುಗಳನ್ನು ಸೇರಿಸಿ ಸರಪಳಿಗಳನ್ನು ದೂರ ಸರಿಸಿದಾಗ ಸಿಪಿ1 ಎಂಬ ಬಹುತೇಕ ಬಣ್ಣವಿಲ್ಲದ ಪಾಲಿಇಮೈಡ್ ಸಿಕ್ಕಿತು.

ವಸ್ತುಗಳು ಬಾಹ್ಯಾಕಾಶದಲ್ಲಿ ಹೇಗೆ ಬಾಳುತ್ತವೆಂದು ನೋಡಲು 1984ರಲ್ಲಿ ಕಕ್ಷೆಗೆ ಬಿಟ್ಟ ಎಲ್‌ಡಿಇಎಫ್ ಉಪಗ್ರಹವನ್ನು 1990ರಲ್ಲಿ ಮರಳಿ ತಂದಾಗ, ಚಲನೆಯ ದಿಕ್ಕಿಗೆ ಮುಖಮಾಡಿದ್ದ ತೆಳು ಕ್ಯಾಪ್ಟಾನ್ ಹಾಳೆಗಳು ಸವೆದೇ ಹೋಗಿದ್ದವು. 1997ರಲ್ಲಿ ಹಬಲ್ ದೂರದರ್ಶಕದ ಟೆಫ್ಲಾನ್ ಹೊದಿಕೆ ಬಿರುಕುಬಿಟ್ಟಿದ್ದು ಕಂಡಿತು. ವಿಕಿರಣ ಸರಪಳಿಗಳನ್ನು ತುಂಡರಿಸಿತ್ತು, ಪ್ರತಿ ಸುತ್ತಿನ ಬಿಸಿ-ತಂಪು ಅದನ್ನು ಒಡೆಯಿತು. ವಿಕಿರಣ, ಬಿಸಿ-ತಂಪು ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರೆ ಇದು ಗೊತ್ತಾಗುವುದು ಕಷ್ಟ.

ಪರೀಕ್ಷೆಯ ತೊಡಕೇ ದೊಡ್ಡದು. ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ ಆವರಣದಲ್ಲಿರುವ ಮೈಕ್ರೋಟ್ರಾನ್ ಎಂಬ ಕಣವೇಗವರ್ಧಕ 8 ಎಂಇವಿ (80 ಲಕ್ಷ ಇಲೆಕ್ಟ್ರಾನ್ ವೋಲ್ಟ್) ಶಕ್ತಿಯ ಇಲೆಕ್ಟ್ರಾನ್ ಕೊಡುತ್ತದೆ. ಪಾಲಿಮರ್‌ಗಳ ಮೇಲೆ ಅಲ್ಲಿ ಅಧ್ಯಯನಗಳಾಗಿವೆ. ಇಷ್ಟು ಶಕ್ತಿಯ ಇಲೆಕ್ಟ್ರಾನ್ ತೆಳು ಹಾಳೆಯನ್ನು ದಾಟಿಯೇ ಹೋಗುವುದರಿಂದ ಡೋಸ್, ಅಂದರೆ ಹೀರಿದ ವಿಕಿರಣದ ಪ್ರಮಾಣ, ಹಾಳೆಯ ದಪ್ಪದುದ್ದಕ್ಕೂ ಒಂದೇ ಸಮ ಹರಡುತ್ತದೆ. ಕಕ್ಷೆಯ 100 ಕೆಇವಿ (1 ಲಕ್ಷ ಇಲೆಕ್ಟ್ರಾನ್ ವೋಲ್ಟ್) ಪ್ರೋಟಾನ್ ಒಂದೆರಡು ಮೈಕ್ರಾನ್‌ನಲ್ಲೇ ನಿಂತು ಮೇಲ್ಮೈಯನ್ನಷ್ಟೇ ಸುಡುತ್ತದೆ. ಹಾಗಾಗಿ ಬರೀ ಕಿಲೋಗ್ರೇ (ಡೋಸ್ ಅಳೆಯುವ ಮಾನ) ಲೆಕ್ಕ ಕೊಟ್ಟು ‘ತಾಳಿಕೊಂಡಿತು’ ಎನ್ನುವ ವರದಿಯನ್ನು ಪೂರ್ತಿ ನಂಬುವಂತಿಲ್ಲ. ಗಾಳಿಯಲ್ಲಿ ವಿಕಿರಣ ಕೊಟ್ಟರೆ ಆಮ್ಲಜನಕ ಒಳನುಗ್ಗಿ ಬೇರೆಯದೇ ರಾಸಾಯನಿಕ ಕ್ರಿಯೆ ನಡೆಯುತ್ತದೆ, ನಿರ್ವಾತವೇ ಬೇಕು. ಪಾಲಿಇಮೈಡ್ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮಾದರಿಗಳನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್‌ನಲ್ಲಿ ಇಡದಿದ್ದರೆ ತೂಕದ ಲೆಕ್ಕ ತಪ್ಪುತ್ತದೆ. ವಿಕಿರಣ ಬಿದ್ದ ಹಾಳೆ ಗಾಳಿಗೆ ಬಂದ ಮೇಲೆ ಅದರ ಬಣ್ಣ ತುಸು ತಿಳಿಯಾಗುವುದುಂಟು. ಬೆಳಕು ಎಷ್ಟು ದಾಟುತ್ತದೆಂದು ತಡವಾಗಿ ಅಳೆದರೆ ಹಾನಿ ಕಡಿಮೆಯೆಂದು ತೋರುತ್ತದೆ.

ಸೌರಕೋಶಗಳ ಮೇಲೆ ಇಂದಿಗೂ ಹೆಚ್ಚಾಗಿ ಕೂರುವುದು ಸುಮಾರು 100 ಮೈಕ್ರಾನ್ ದಪ್ಪದ, ಸೀರಿಯಂ ಬೆರೆಸಿದ ಗಾಜು. ಪ್ಲಾಸ್ಟಿಕ್‌ಗೆ ಅವಕಾಶ ಇರುವುದು ಮಡಚಿ, ಸುರುಳಿ ಸುತ್ತಿ ಒಯ್ಯಬೇಕಾದ ಕಡೆ.