ಪಾಡ್‌ಕಾಸ್ಟ್‌ಗೆ ಬೇಲಿ ಬಿದ್ದದ್ದು ಹೇಗೆ?

ಕೆಲವು ಪಾಡ್‌ಕಾಸ್ಟ್‌ಗಳು ಒಂದೇ ಆ್ಯಪ್‌ನಲ್ಲಿ ಸಿಗುತ್ತವೆ, ಬೇರೆ ಕಡೆ ಹುಡುಕಿದರೆ ಇಲ್ಲ. ಈಗ ಇದು ಮಾಮೂಲಿ ಅನ್ನಿಸಬಹುದು. ಆದರೆ ಪಾಡ್‌ಕಾಸ್ಟ್ ಹುಟ್ಟಿದ್ದೇ ಇದಕ್ಕೆ ಪೂರ್ತಿ ಉಲ್ಟಾ ಯೋಚನೆಯಿಂದ.

2000ನೇ ಇಸವಿಯ ಕೊನೆಯಲ್ಲಿ ಅಮೆರಿಕದ ಪ್ರೋಗ್ರಾಮರ್ ಡೇವ್ ವೈನರ್, ವೆಬ್‌ಸೈಟಿನಲ್ಲಿ ಹೊಸದೇನು ಬಂದಿದೆ ಎಂದು ತಿಳಿಸುವ ಆರ್‌ಎಸ್‌ಎಸ್ (RSS) ಫೀಡ್‌ಗೆ ಒಂದು ಸಾಲು ಸೇರಿಸಿದರು. ಫೀಡ್ ಅಂದರೆ ದೊಡ್ಡದೇನಲ್ಲ, ಒಂದು ಸಾದಾ ಅಕ್ಷರದ ಫೈಲ್. ಆಡಿಯೊ ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಗೆಯದು, ಈ ಮೂರನ್ನು ಹೊಸ ಸಾಲು ಹೇಳುತ್ತದೆ. ಆ್ಯಪ್ ಆಗಾಗ ಅದನ್ನು ಓದುತ್ತದೆ, ಹೊಸ ಕಂತು ಬಂದಿದ್ದರೆ ತಾನೇ ಇಳಿಸಿಕೊಳ್ಳುತ್ತದೆ. ಅಷ್ಟೇ! ಯಾರ ಅಪ್ಪಣೆಯೂ ಬೇಡ, ಒಂದು ಆ್ಯಪ್ ಬೇಜಾರಾದರೆ ಅದೇ ಫೀಡ್ ಹಿಡಿದು ಇನ್ನೊಂದಕ್ಕೆ ಹೋಗಬಹುದು.

2004ರಲ್ಲಿ ಎಂಟಿವಿಯಲ್ಲಿ ಹೆಸರು ಮಾಡಿದ್ದ ಆಡಮ್ ಕರಿ ಹೀಗೆ ತಮ್ಮದೇ ಕಾರ್ಯಕ್ರಮ ಶುರುಮಾಡಿದರು. 2005ರ ಜೂನ್‌ನಲ್ಲಿ ಆ್ಯಪಲ್ ಹಾಡು ಕೇಳುವ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ತಂದಿತು, ಎರಡೇ ದಿನದಲ್ಲಿ 10 ಲಕ್ಷ ಚಂದಾ ಆದವು. ಆಗ ಆ್ಯಪಲ್ ಮಾಡಿದ ಒಂದು ಒಳ್ಳೆಯ ಕೆಲಸ ನೆನಪಿಡಬೇಕು. ಆಡಿಯೊವನ್ನು ತನ್ನ ಹತ್ತಿರ ಇಟ್ಟುಕೊಳ್ಳದೆ ಫೀಡ್‌ಗಳ ಪಟ್ಟಿಯನ್ನಷ್ಟೇ ಇಟ್ಟಿತು.

2014ರಲ್ಲಿ ಬಂದ ‘ಸೀರಿಯಲ್’ ಎಂಬ ಅಮೆರಿಕದ ಪಾಡ್‌ಕಾಸ್ಟ್ ಒಂದು ಹಳೇ ಕೊಲೆ ಪ್ರಕರಣವನ್ನು ವಾರ ವಾರ ಕೆದಕುತ್ತಾ ಹೋಯಿತು. ಅಲ್ಲಿಯವರೆಗೆ ಪಾಡ್‌ಕಾಸ್ಟ್ ಕಡೆ ತಲೆಹಾಕದವರೂ ಮುಂದಿನ ಕಂತಿಗೆ ಕಾದರು. ಪಾತ್ರೆ ತೊಳೆಯುವಾಗ, ನಡೆಯುವಾಗ, ಬಟ್ಟೆ ಮಡಚುವಾಗ ಕೈಗೆ ಕೆಲಸ ಇರುತ್ತದೆ, ಕಿವಿ ಸುಮ್ನೆ ಇರುತ್ತದೆ, ಅಲ್ವಾ? ಪಾಡ್‌ಕಾಸ್ಟ್ ಬೆಳೆದದ್ದು ಆ ಹೊತ್ತಿನಲ್ಲೇ.

ಜನ ಬಂದ ಮೇಲೆ ದುಡ್ಡೂ ಬಂತು. ಆದರೆ ಜಾಹೀರಾತು ಕೊಡುವವರಿಗೆ ಫೀಡ್‌ನಲ್ಲಿ ಒಂದು ತೊಡಕಿತ್ತು. ಎಷ್ಟು ಸಲ ಡೌನ್‌ಲೋಡ್ ಆಯಿತು ಅಂತ ಗೊತ್ತಾಗುತ್ತದೆ, ಇಳಿಸಿಕೊಂಡವರು ನಿಜವಾಗಿ ಕೇಳಿದರಾ, ಎಲ್ಲಿ ನಿಲ್ಲಿಸಿದರು ಅನ್ನುವುದು ಗೊತ್ತಾಗುವುದಿಲ್ಲ. ಕೇಳುಗರು ಒಂದೇ ಆ್ಯಪ್‌ನೊಳಗೆ ಇದ್ದರೆ ಇದೆಲ್ಲಾ ತಿಳಿಯುತ್ತದೆ. 2019ರಲ್ಲಿ ಹಾಡು ಕೇಳಿಸುವ ಸ್ಪಾಟಿಫೈ, ಪಾಡ್‌ಕಾಸ್ಟ್ ತಯಾರಿಸುವ ಗಿಮ್ಲೆಟ್ ಮತ್ತು ಪಾಡ್‌ಕಾಸ್ಟ್ ಮಾಡಲು ಆ್ಯಪ್ ಕೊಡುವ ಆ್ಯಂಕರ್ ಕಂಪನಿಗಳನ್ನು ಕೊಂಡಿತು. 2020ರಲ್ಲಿ ಅಮೆರಿಕದ ಜನಪ್ರಿಯ ಪಾಡ್‌ಕಾಸ್ಟರ್ ಜೋ ರೋಗನ್ ಕಾರ್ಯಕ್ರಮವನ್ನು ತನ್ನಲ್ಲಿ ಮಾತ್ರ ಸಿಗುವಂತೆ ಒಪ್ಪಂದ ಮಾಡಿಕೊಂಡಿತು, ವರ್ಷಗಟ್ಟಲೆ ಬೇರೆ ಆ್ಯಪ್‌ನಲ್ಲಿ ಕೇಳುತ್ತಿದ್ದವರು ಅಲ್ಲಿಗೇ ಹೋಗಬೇಕಾಯಿತು. 2024ರ ಹೊಸ ಒಪ್ಪಂದದಲ್ಲಿ ಆ ಬೇಲಿ ತೆಗೆದರು.

ಈಗ ವಿಡಿಯೊ ಕಾಲ. ತಿಂಗಳಿಗೆ 100 ಕೋಟಿಗೂ ಹೆಚ್ಚು ಜನ ತನ್ನಲ್ಲಿ ಪಾಡ್‌ಕಾಸ್ಟ್ ನೋಡುತ್ತಾರೆ, ಕೇಳುತ್ತಾರೆ ಎಂದು ಯೂಟ್ಯೂಬ್ 2025ರಲ್ಲಿ ಹೇಳಿತು. ವಿಡಿಯೊ ಬಗ್ಗೆ ನನಗೆ ತಕರಾರಿಲ್ಲ, ಎದುರುಬದುರು ಕೂತು ಮಾತಾಡುವವರ ಮುಖ ನೋಡುವುದೂ ಒಂದು ಖುಷಿಯೇ. ಆದರೆ ಫೀಡ್ ಇಲ್ಲದೆ ಅಲ್ಲಿ ಮಾತ್ರ ಹಾಕಿದ ಕಾರ್ಯಕ್ರಮವನ್ನು ಕೇಳುಗ ಬೇರೆ ಆ್ಯಪ್‌ಗೆ ಒಯ್ಯಲಾರ, ಮುಂದೆ ಏನು ಕೇಳಬೇಕು ಅಂತ ತೋರಿಸುವುದೂ ಆ ಆ್ಯಪ್ಪೇ. ಇದು ನನಗೆ ಸಣ್ಣ ನಷ್ಟ ಅನ್ನಿಸುವುದಿಲ್ಲ.

ಫೀಡ್ ಇನ್ನೂ ಸತ್ತಿಲ್ಲ. ಆಂಟೆನಾಪಾಡ್, ಪಾಕೆಟ್ ಕಾಸ್ಟ್ಸ್‌ನಂಥ ಆ್ಯಪ್‌ಗಳಲ್ಲಿ ನೀವು ಕೇಳುವ ಪಾಡ್‌ಕಾಸ್ಟ್‌ಗಳ ಇಡೀ ಪಟ್ಟಿಯನ್ನು ಒಪಿಎಂಎಲ್ ಎಂಬ ಒಂದೇ ಫೈಲ್ ಆಗಿ ಹೊರಗೆ ತೆಗೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.