ಇಂಪ್ಲಾಂಟ್ ಹಾಕಿಸಿದ ಮೇಲೆ ರಾತ್ರಿಯೆಲ್ಲ ಗಾಬರಿ: ಏನು ಮಾಡಲಿ?

ಪ್ರಶ್ನೆ: ಕೆಳದವಡೆಗೆ ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸಿ ಮೂರು ದಿನವಾಯಿತು. ಎಲ್ಲ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಆದರೂ ಊದಿದ ಕೆನ್ನೆ ನೋಡಿದರೆ ಎದೆ ಡವಡವ ಎನ್ನುತ್ತದೆ. ಕೀವಾಗಿದೆಯೇನೋ, ಅಲುಗಾಡುತ್ತಿದೆಯೇನೋ ಎಂದು ಮತ್ತೆ ಮತ್ತೆ ಮೊಬೈಲ್ ಟಾರ್ಚ್ ಹಿಡಿದು ಕನ್ನಡಿ ಮುಂದೆ ನಿಲ್ಲುತ್ತೇನೆ. ರಾತ್ರಿ ನಿದ್ದೆಯಿಲ್ಲ. ಇಷ್ಟೆಲ್ಲ ಖರ್ಚು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾದರೆ?

ಉತ್ತರ: ಊತದಿಂದಲೇ ಶುರು ಮಾಡೋಣ. ಶಸ್ತ್ರಚಿಕಿತ್ಸೆಯ ದಿನ ಕೆನ್ನೆ ಅಷ್ಟಾಗಿ ಊದಿರುವುದಿಲ್ಲ, 48ರಿಂದ 72 ಗಂಟೆಗಳ ಹೊತ್ತಿಗೆ ಊತ ಅತಿ ಹೆಚ್ಚಾಗುತ್ತದೆ. ನೀವು ಪತ್ರ ಬರೆದಿರುವುದು ಸರಿಯಾಗಿ ಆ ಹೊತ್ತಿನಲ್ಲಿ. ನಿನ್ನೆಗಿಂತ ಇವತ್ತು ಜಾಸ್ತಿ ಎಂಬುದು ಮೂರನೇ ದಿನಕ್ಕೆ ಸಹಜ. ಅದೇ ಮಾತನ್ನು ಐದನೇ ದಿನ ಹೇಳುವಂತಾದರೆ ಡಾಕ್ಟರಿಗೆ ತೋರಿಸಬೇಕು.

ಟಾರ್ಚ್ ಬೆಳಕಿನಲ್ಲಿ ಗಾಯದ ಮೇಲೆ ಬೆಳ್ಳಗೆ ಅಥವಾ ತುಸು ಹಳದಿಯಾಗಿ ಒಂದು ಪೊರೆ ಕಾಣುತ್ತಿರಬಹುದು. ತುಂಬ ಜನ ಅದನ್ನೇ ಕೀವು ಅಂದುಕೊಂಡು ಹತ್ತಿಯಿಂದ ಒರೆಸಲು ಹೋಗುತ್ತಾರೆ. ಬಾಯೊಳಗಿನ ಗಾಯ ಮಾಯುವಾಗ ಫೈಬ್ರಿನ್ ಎಂಬ ಪ್ರೋಟೀನು ಕಟ್ಟುವ ಪೊರೆ ಅದು, ಹೊರಗಿನ ಗಾಯದ ಹಕ್ಕಳೆಯ ಕೆಲಸವನ್ನೇ ಮಾಡುತ್ತದೆ. ಅದನ್ನು ಮುಟ್ಟಬೇಡಿ. ಕೀವಾದರೆ ಒಸರುತ್ತದೆ, ನಾರುತ್ತದೆ, ಬಾಯಿ ಕೆಟ್ಟ ರುಚಿಯಾಗುತ್ತದೆ, ಜೊತೆಗೆ ನೋವೂ ಏರುತ್ತಾ ಹೋಗುತ್ತದೆ.

ಇನ್ನು ಅಲುಗಾಟ. ನಾಲಿಗೆಗೆ ಸಿಗುವ ಲೋಹದ ತುಣುಕು ಸಾಮಾನ್ಯವಾಗಿ ಇಂಪ್ಲಾಂಟ್ ಅಲ್ಲ, ಅದರ ಮೇಲೆ ತಿರುಗಿಸಿ ಕೂರಿಸಿದ ತಾತ್ಕಾಲಿಕ ಮುಚ್ಚಳ. ಅದು ಸಡಿಲವಾಗುವುದುಂಟು. ಡಾಕ್ಟರಿಗೆ ಫೋನ್ ಮಾಡಿ ಹೋದರೆ ಸಾಮಾನ್ಯವಾಗಿ ಐದು ನಿಮಿಷದಲ್ಲಿ ಬಿಗಿ ಮಾಡಿ ಕಳಿಸುತ್ತಾರೆ. ನೀವೇ ಬೆರಳು ಹಾಕಿ ತಿರುಗಿಸಬೇಡಿ.

ಇಂಪ್ಲಾಂಟ್ ಮೂಳೆಗೆ ಕೂಡಿಕೊಳ್ಳುತ್ತಿದೆಯೇ ಎಂಬುದು ನಾಲಿಗೆಗಾಗಲಿ ಕನ್ನಡಿಗಾಗಲಿ ಗೊತ್ತಾಗುವ ಸಂಗತಿಯಲ್ಲ. ಇದನ್ನು ಮನಸ್ಸಿಗೆ ತಂದುಕೊಂಡರೆ ನಿಮ್ಮ ಅರ್ಧ ಭಾರ ಇಳಿಯುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1952ರಲ್ಲಿ ಮೊಲದ ಕಾಲಿನ ಮೂಳೆಗೆ ಟೈಟಾನಿಯಂನ ಚಿಕ್ಕ ಉಪಕರಣ ಕೂರಿಸಿ ರಕ್ತಸಂಚಾರ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಅದನ್ನು ತನ್ನೊಳಗೆ ಸೇರಿಸಿಕೊಂಡುಬಿಟ್ಟಿತ್ತು. 1965ರಲ್ಲಿ ಅವರೇ ಮೊದಲ ಬಾರಿ ಮನುಷ್ಯರ ದವಡೆಗೆ ಹೀಗೆ ಮೂಳೆಗೆ ಕೂಡಿಕೊಳ್ಳುವ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಈಗ ನಿಮ್ಮ ದವಡೆಯಲ್ಲೂ ಅದೇ ನಡೆಯಬೇಕು, ಅದಕ್ಕೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಸ್ವಂತ ಹಲ್ಲಿನ ಬೇರಿನ ಸುತ್ತ ನರಗಳಿರುವ ತೆಳ್ಳನೆಯ ಪದರವಿರುತ್ತದೆ, ಇಂಪ್ಲಾಂಟಿಗೆ ಅದಿಲ್ಲ. ಆದ್ದರಿಂದ ಅಲ್ಲಿ ಏನೂ ಅನ್ನಿಸದಿದ್ದರೆ ಅದು ಕೆಟ್ಟ ಸೂಚನೆಯಲ್ಲ. ಗಳಿಗೆಗೊಮ್ಮೆ ನಾಲಿಗೆಯಿಂದ ತಡವಿದರೆ ಹೊಲಿಗೆಗೆ ಪೆಟ್ಟು, ನಿಮಗೆ ಇನ್ನಷ್ಟು ಅನುಮಾನ.

ಹಾಗಂತ ನೋಡಲೇಬೇಡಿ ಎಂದರೆ ಯಾರಿಗೂ ಆಗುವ ಮಾತಲ್ಲ. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ, ಒಂದೇ ಜಾಗದಲ್ಲಿ ಒಂದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ದಿನಕ್ಕೆ ಒಂದು, ಅಷ್ಟೇ. ನಿನ್ನೆಯದರ ಜೊತೆ ಇಟ್ಟು ನೋಡಿದರೆ ನಿಜಸ್ಥಿತಿ ಗೊತ್ತಾಗುತ್ತದೆ, ಡಾಕ್ಟರಿಗೆ ತೋರಿಸಲೂ ಬರುತ್ತದೆ.

ರಾತ್ರಿ ಭಯ ಹೆಚ್ಚಾಗುವುದಕ್ಕೆ ದೇಹದ ಕಾರಣಗಳೂ ಇವೆ. ಮಟ್ಟಸ ಮಲಗಿದರೆ ತಲೆಯ ಕಡೆ ರಕ್ತ ಹೆಚ್ಚಿ ಗಾಯ ಮಿಡಿಯುತ್ತದೆ, ಎರಡು ದಿಂಬು ಹಾಕಿ ತಲೆ ಎತ್ತರಿಸಿ. ಅಗಿಯಲಾಗದೆಂದು ಊಟ ಬಿಟ್ಟು ಕಾಫಿಯ ಮೇಲೇ ದಿನ ತಳ್ಳಿದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮನಸ್ಸು ಅದನ್ನೇ ಏನೋ ಅನಾಹುತವೆಂದು ಓದಿಕೊಳ್ಳುತ್ತದೆ. ಆರಿದ ರಾಗಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಖಾರವಿಲ್ಲದ ಹೆಸರುಬೇಳೆ ಕಟ್ಟು ಹೊತ್ತುಹೊತ್ತಿಗೆ ಹೊಟ್ಟೆಗೆ ಬೀಳಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆಯಾಗಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ತಿಳಿಸಬೇಕು. ನೋವಿನ ಮಾತ್ರೆಯನ್ನು ಬರೆದುಕೊಟ್ಟ ಹೊತ್ತಿಗೇ ನುಂಗಿ, ನೋವು ತಡೆಯಲಾಗದಷ್ಟಾಗಲಿ ಎಂದು ಕಾಯಬೇಡಿ. ಗಾಬರಿ ಏರಿದಾಗ ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ನಿಧಾನ ಬಿಡಿ. ಹೀಗೆ ಐದು ನಿಮಿಷ ಮಾಡಿದರೆ ಎದೆಬಡಿತ ಇಳಿಯುವುದು ನಿಮಗೇ ತಿಳಿಯುತ್ತದೆ.

ನೆಮ್ಮದಿಗೆಂದು ಸಿಗರೇಟು ಸೇದುವುದು, ಎಲೆ ಅಡಿಕೆ ಹಾಕುವುದು ಈಗ ಖಂಡಿತ ಬೇಡ. ಹೊಗೆಸೊಪ್ಪು ಒಸಡಿನ ರಕ್ತಸಂಚಾರ ಕುಗ್ಗಿಸುತ್ತದೆ, ಇಂಪ್ಲಾಂಟ್ ಕೈಕೊಡುವುದಕ್ಕೆ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಹಸಿ ಗಾಯಕ್ಕೆ ಲವಂಗದ ಎಣ್ಣೆಯೂ ಬೇಡ, ಸುಡುತ್ತದೆ. ನೋಡಲು ಬಂದವರು "ನಮ್ಮ ಭಾವನಿಗೆ ಹೀಗೇ ಆಗಿ..." ಎಂದು ಶುರು ಮಾಡಿದರೆ, ಈಗ ಬೇಡ, ಆಮೇಲೆ ಹೇಳಿ ಎಂದುಬಿಡಿ. ಅದರಲ್ಲಿ ಸಂಕೋಚ ಪಡುವುದೇನಿದೆ?

ಕೆಲವಕ್ಕೆ ಮಾತ್ರ ತಡ ಮಾಡಬಾರದು. ಅರ್ಧ ಗಂಟೆ ಗಾಜ್ ಬಟ್ಟೆ ಒತ್ತಿ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮೂರು ನಾಲ್ಕು ದಿನದ ಮೇಲೆ ನೋವು ಏರಿದರೆ, ಜ್ವರ ಬಂದರೆ, ಮರವಿಕೆ ಔಷಧ ಇಳಿದ ಮೇಲೂ ತುಟಿ ಗದ್ದ ಜೋಮು ಹಿಡಿದೇ ಇದ್ದರೆ ಅವತ್ತೇ ಫೋನ್ ಮಾಡಿ. ಜೋಮಿನ ವಿಷಯವನ್ನು ಕಡೆಗಣಿಸಲೇಬೇಡಿ, ನರಕ್ಕೆ ಒತ್ತಡ ಬಿದ್ದಿದ್ದರೆ ಬೇಗ ನೋಡಿಸಿದಷ್ಟೂ ಒಳ್ಳೆಯದು. ಉಸಿರಾಟಕ್ಕೋ ನುಂಗುವುದಕ್ಕೋ ತೊಂದರೆಯಾದರೆ, ನಾಲಿಗೆಯ ಕೆಳಗೆ ಅಥವಾ ಕತ್ತಿನಲ್ಲಿ ಊತ ಹಬ್ಬಿದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಗಾಯ ಮಾಯ್ದ ಮೇಲೂ ಹೆದರಿಕೆ ಬಿಡದಿದ್ದರೆ, ಊಟ ನಿದ್ದೆ ಎರಡೂ ಕೆಟ್ಟಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿನ ಚಿಂತೆಯನ್ನು ಕೊನೆಗೆ ಉಳಿಸಿಕೊಂಡೆ, ಅದು ಸಣ್ಣದೆಂದಲ್ಲ. ಹತ್ತು ವರ್ಷದ ನಂತರವೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಇಂಪ್ಲಾಂಟ್‌ಗಳು ಬಾಯಲ್ಲಿ ಉಳಿದಿರುತ್ತವೆ. ಮೂಳೆಗೆ ಕೂಡದೆ ಹೋದರೂ ಅದನ್ನು ತೆಗೆದು, ಮೂಳೆ ಮಾಯುವವರೆಗೆ ಕೆಲವು ತಿಂಗಳು ಕಾದು, ಸಾಮಾನ್ಯವಾಗಿ ಮತ್ತೆ ಹಾಕಬಹುದು. ಏಳರಿಂದ ಹತ್ತನೇ ದಿನದೊಳಗೆ ಹೊಲಿಗೆ ಬಿಚ್ಚಿಸಲು ಹೋಗುತ್ತೀರಲ್ಲ, ಆಗ ಚೀಟಿಯಲ್ಲಿ ಬರೆದುಕೊಂಡು ಹೋಗಿ ನೇರವಾಗಿ ಕೇಳಿ: ಕೂಡದಿದ್ದರೆ ಮತ್ತೆ ಹಾಕುವ ಖರ್ಚು ಯಾರದು, ಎಷ್ಟಾಗುತ್ತದೆ, ಅದನ್ನು ಬರೆದುಕೊಡುತ್ತೀರಾ? ನಿಮ್ಮ ಬಾಯಲ್ಲಿರುವ ಇಂಪ್ಲಾಂಟ್ ಯಾವ ಕಂಪನಿಯದು, ಅಳತೆ ಎಷ್ಟು ಎಂಬ ಕಾರ್ಡನ್ನೂ ಕೇಳಿ ಪಡೆದಿಟ್ಟುಕೊಳ್ಳಿ. ಮುಂದೆ ಊರು ಬದಲಾದರೆ ಬೇರೆ ಡಾಕ್ಟರಿಗೆ ಅದು ಬೇಕಾಗುತ್ತದೆ.