ಕೋವಿ ಪೆಟ್ಟಿಗೆ ಕೊಳ್ಳುವ ಮೊದಲು ಟೇಪ್ ಹಿಡಿಯಿರಿ

ಆಗಸ್ಟ್ ಬಂತೆಂದರೆ ನನ್ನ ವರ್ಕ್‌ಶಾಪ್‌ಗೆ ಕೋವಿ ಇರುವ ಮನೆಯವರು ಬರಲು ಶುರು ಮಾಡುತ್ತಾರೆ. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದಿರುತ್ತದೆ. ಪೂಜೆಗೆಂದು ಕೋವಿ ಹೊರಗೆ ತೆಗೆದರೆ ನಳಿಕೆ ಮೇಲೆ ತುಕ್ಕು. ಹೋದ ವರ್ಷ ಒಬ್ಬರು ತಂದಿದ್ದ ಜೋಡಿ ನಳಿಕೆಯ ಕೋವಿ ಇನ್ನೂ ಕಣ್ಣ ಮುಂದಿದೆ. ಒಳಗೆ ಉಣ್ಣೆ ಬಟ್ಟೆ ಹಾಕಿದ ಕ್ಯಾನ್ವಾಸ್ ಚೀಲದಲ್ಲಿ ಜೂನ್‌ನಿಂದ ಇಟ್ಟಿದ್ದರಂತೆ. ಆ ಬಟ್ಟೆಯ ನೇಯ್ಗೆ ಹಾಗೇ ನಳಿಕೆಯ ಮೇಲೆ ಕೆಂಪಗೆ ಅಚ್ಚೊತ್ತಿತ್ತು. ಅವರ ಅಜ್ಜನ ಕಾಲದ ಕೋವಿ ಅದು.

ಅವರು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯೇ. ಕಡಿಮೆ ದುಡ್ಡಿನಲ್ಲಿ ಒಂದು ಒಳ್ಳೆ ಪೆಟ್ಟಿಗೆ ಆಗುತ್ತಾ? ಆಗುತ್ತದೆ. ಆದರೆ ದುಡ್ಡು ಎಲ್ಲಿ ಹಾಕಬೇಕು ಅಂತ ಗೊತ್ತಿರಬೇಕು.

ಕೊಡಗಿನಲ್ಲಿ ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಈಗಿನ ಆದೇಶ 2029ರ ಅಕ್ಟೋಬರ್ 31ರವರೆಗೆ. ಮಲೆನಾಡಿನ ಉಳಿದ ಕಡೆ ಬೆಳೆ ರಕ್ಷಣೆಗೆ ಲೈಸೆನ್ಸ್ ತೆಗೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕಾಗದ ಯಾವುದೇ ಇರಲಿ, ಬಾಗಿಲ ಹಿಂದೆ ಕೋವಿ ಒರಗಿಸಿ ಇಡುವ ಕಾಲ ಹೋಯಿತು.

ಮೊದಲು ಟೇಪ್ ಹಿಡಿದು ಕೋವಿ ಅಳೆಯಿರಿ. ಹನ್ನೆರಡು ಬೋರಿನ ಒಂಟಿ ನಳಿಕೆ ಕೋವಿ ಸುಮಾರು ನಾಲ್ಕು ಅಡಿ ಇರುತ್ತದೆ. ಅದು ಮಡಚುವ ಕೋವಿ ಆದರೆ ನಳಿಕೆ, ಮುಂದಿನ ಮರ, ಹಿಡಿ ಅಂತ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಆಗ ಅತಿ ಉದ್ದದ ತುಂಡು ನಳಿಕೆ, ಅದು 30ರಿಂದ 32 ಇಂಚು. ಮೂರು ಅಡಿಯ ಪೆಟ್ಟಿಗೆ ಸಾಕು! ಬೆಲೆ ಅಲ್ಲೇ ಇಳಿಯುತ್ತದೆ. ನಳಿಕೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಹೀಗೆ ಬಿಚ್ಚುವುದಿಲ್ಲ, ಕೆಲವು ಐದಡಿ ಮುಟ್ಟುತ್ತವೆ. ಅದಕ್ಕೆ ಉದ್ದ ಕಪಾಟೇ ಬೇಕು.

ಆಮೇಲೆ ತಗಡು. ಗೇಜ್ ನಂಬರ್ ಕಡಿಮೆ ಆದಷ್ಟೂ ತಗಡು ದಪ್ಪ. ಇದು ಎಷ್ಟೋ ಜನರಿಗೆ ತಿರುಗಾ ಮುರುಗಾ ಆಗುತ್ತದೆ. ಬಟ್ಟೆ ಇಡುವ ಬೀರುವಿನ ತಗಡು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ ಅನ್ನಬಹುದು, ದೊಡ್ಡ ಸ್ಕ್ರೂಡ್ರೈವರ್‌ಗೇ ಬಗ್ಗುತ್ತದೆ. ನಾನು 2 ಮಿಲಿಮೀಟರ್‌ಗಿಂತ ಕೆಳಗೆ ಇಳಿಯುವುದಿಲ್ಲ. ಬಾಗಿಲು ಮಾತ್ರ 3 ಮಿಲಿಮೀಟರ್ ಹಾಕುತ್ತೇನೆ. ನಾಲ್ಕೂವರೆ ಅಡಿ ಎತ್ತರ, ಒಂದಡಿ ಅಗಲ, ಒಂದಡಿ ಆಳದ ಪೆಟ್ಟಿಗೆ ಪೂರ್ತಿ 2 ಮಿಲಿಮೀಟರ್‌ನಲ್ಲಿ ಮಾಡಿದರೆ ತಗಡೇ ಸುಮಾರು 29 ಕೆಜಿ, 3 ಮಿಲಿಮೀಟರ್‌ನಲ್ಲಿ 44 ಕೆಜಿ. ಇಷ್ಟು ಭಾರವನ್ನು ಇಬ್ಬರು ಎತ್ತಿ ಜೀಪಿಗೆ ಹಾಕಿಕೊಂಡು ಹೋಗಬಹುದು, ಅಲ್ವಾ? ಹಾಗಾಗಿ ಬೋಲ್ಟ್ ಮಾಡದ ಪೆಟ್ಟಿಗೆಯನ್ನು ನಾನು ಪೆಟ್ಟಿಗೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬೋಲ್ಟ್ ಒಳಗಿನಿಂದ ಬಿಗಿಯಬೇಕು. ಕಾಂಕ್ರೀಟ್ ನೆಲಕ್ಕೆ ಆದರೆ 10 ಅಥವಾ 12 ಮಿಲಿಮೀಟರ್ ಆಂಕರ್ ಬೋಲ್ಟ್ ನಾಲ್ಕು. ನಮ್ಮ ಹಳೆ ಮನೆಗಳ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಆಂಕರ್ ಹಿಡಿಯುವುದಿಲ್ಲ, ಬಿಗಿದಷ್ಟೂ ಪುಡಿ ಉದುರುತ್ತದೆ. ಅಲ್ಲಿ ಗೋಡೆ ತೂರಿಸಿ ಆ ಕಡೆಗೆ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಬೇಕು.

ಬೀಗದ ವಿಷಯದಲ್ಲಿ ಜನ ಡಿಜಿಟಲ್ ನೋಡಿ ಮರುಳಾಗುತ್ತಾರೆ. ತೀರಾ ಅಗ್ಗದ ಕೆಲವು ಡಿಜಿಟಲ್ ಪೆಟ್ಟಿಗೆಗಳ ಮೇಲೆ ಕೈಯಿಂದ ಗುದ್ದಿ ಹಿಡಿ ತಿರುಗಿಸಿದರೆ ತೆರೆದುಕೊಳ್ಳುತ್ತವೆ. ಒಳಗಿನ ಸಣ್ಣ ಪಿನ್ ಆ ಏಟಿಗೆ ಒಂದು ಕ್ಷಣ ಜಿಗಿಯುತ್ತದೆ. ಅಷ್ಟೇ ದುಡ್ಡಿಗೆ ಒಳ್ಳೆಯ ಲಿವರ್ ಬೀಗ, ಮೂರು ಕಡೆ ಕೂರುವ ಅಗುಳಿ ಬರುತ್ತದೆ. ಬಾಗಿಲಿನ ಸಂದಿಗೆ ಹಾರೆಯ ತುದಿ ಹೋಗಬಾರದು, ಅದನ್ನು ನೋಡಿ. ಫೈರ್‌ಪ್ರೂಫ್ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಅದರ ಗೋಡೆಯೊಳಗೆ ಜಿಪ್ಸಂ ಹಾಕಿರುವುದು ಸಾಮಾನ್ಯ. ಜಿಪ್ಸಂನಲ್ಲೇ ನೀರು ಇರುತ್ತದೆ. ನಮ್ಮ ಮಳೆಗೆ ಅದೊಂದು ಬೇರೆ ಕಾಟ.

ಮಳೆಗಾಲದ ಮಾತು ಇನ್ನೊಂದಿಷ್ಟು ಇದೆ. ಪೆಟ್ಟಿಗೆಯ ಒಳಗೆ ಸ್ಪಂಜು, ಕಾರ್ಪೆಟ್ ಅಂಟಿಸಬೇಡಿ. ನಳಿಕೆ ಒರಗುವ ಜಾಗಕ್ಕೆ ಮಾತ್ರ ರಬ್ಬರ್ ಸಾಕು. ಕೆಳಗೆ ಒಂದಿಂಚು ಎತ್ತರಿಸಿ, ನೆಲದ ತೇವ ಹತ್ತಬಾರದು. ಸಣ್ಣ ಬಲ್ಬು ಹಾಕಿ ಒಳಗೆ ಬೆಚ್ಚಗೆ ಇಡುವವರಿದ್ದಾರೆ, ಒಳ್ಳೆಯ ಉಪಾಯ. ಆದರೆ ಜುಲೈನಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೆ? ಅದಕ್ಕೇ ಸಿಲಿಕಾ ಜೆಲ್ ಅರ್ಧ ಕೆಜಿ ಇಡಿ. ಕಿತ್ತಳೆ ಬಣ್ಣದ್ದು ತನ್ನಿ, ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ. ಬಣ್ಣ ಬದಲಾದ ಮೇಲೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆ ಬಾಣಲೆಯಲ್ಲಿ ಮಾತ್ರ ಬೇಡ. ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ.

ತೋಟೆ ಬೇರೆ ಡಬ್ಬಿಯಲ್ಲಿ, ಬೇರೆ ಬೀಗದಲ್ಲಿ ಇರಲಿ. ಕೇಪಿನ ಕೋವಿಯವರು ಮದ್ದನ್ನು ಈ ಗಟ್ಟಿ ಪೆಟ್ಟಿಗೆಯೊಳಗೆ ಖಂಡಿತ ಇಡಬಾರದು. ಬಿಗಿಯಾಗಿ ಮುಚ್ಚಿದ ಕಬ್ಬಿಣದೊಳಗೆ ಮದ್ದು ಹೊತ್ತಿದರೆ ಪೆಟ್ಟಿಗೆಯೇ ಸಿಡಿಗುಂಡು. ಕೇಪಿನ ಕೋವಿ ಒಳಗಿಡುವ ಮುನ್ನ ಗಜ, ಅಂದರೆ ಮದ್ದು ಜಡಿಯುವ ಸಲಾಕೆ, ಹಾಕಿ ನೋಡಿ. ಖಾಲಿ ನಳಿಕೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿ, ನಳಿಕೆಯ ಬಾಯಿಯ ಮಟ್ಟಕ್ಕೆ, ಗಜದ ಮೇಲೆ ಒಂದು ಗೀರು ಹಾಕಿಟ್ಟುಕೊಳ್ಳಿ. ಆ ಗೀರು ಬಾಯಿಗಿಂತ ಮೇಲೆ ನಿಂತರೆ ಒಳಗೆ ಈಡು, ಅಂದರೆ ತುಂಬಿದ ಮದ್ದು ಗುಂಡು, ಇದೆ ಅಂತಲೇ ತಿಳಿಯಿರಿ.

ಕೊನೆಗೆ ಕೀಲಿ. ಒಂದು ಮನೆಯಲ್ಲಿ ಪೆಟ್ಟಿಗೆ ಕೂರಿಸಿ ಕೀಲಿ ಕೊಟ್ಟೆ. ಯಜಮಾನರು ಅದನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿದರು. ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆರು ವರ್ಷದ ಮೊಮ್ಮಗಳು ಕೀಲಿ ಹಿಡಿದುಕೊಂಡು ಬಂದು, "ಅಜ್ಜ, ಇದು ಅಕ್ಕಿಯೊಳಗೆ ಬಿದ್ದಿತ್ತು" ಅಂದಳು. ಅವರು ಮಾತಾಡಲಿಲ್ಲ. ಅವತ್ತಿನಿಂದ ಆ ಕೀಲಿ ಅವರ ಸೊಂಟದ ದಾರದಲ್ಲಿದೆ.